ಬಾಣೇರ್: 480 ಅಡಿ ಬೋರ್ ಬತ್ತಿದೆ, ಬೇಸ್‌ಮೆಂಟ್‌ನಲ್ಲಿ ನೀರು ಜಿನುಗುತ್ತಿದೆ, 700 ಅಡಿ ಕೊರೆಸಬೇಕೆ?

ಬಾಣೇರ್ ಕಾರ್ಯದರ್ಶಿ

ಎಲ್ಲರಿಗೂ ನಮಸ್ಕಾರ. ಪುಣೆಯ ಬಾಣೇರ್‌ನಲ್ಲಿ ನಮ್ಮದು 64 ಫ್ಲ್ಯಾಟ್‌ಗಳ ಸೊಸೈಟಿ. ಜಾಗ ಒಂದು ಎಕರೆ, ಟೆರೇಸ್ ಒಟ್ಟು 900 ಚದರ ಮೀಟರ್, ಕೆಳಗೆ ಎರಡು ಅಂತಸ್ತಿನ ಪಾರ್ಕಿಂಗ್ ಬೇಸ್‌ಮೆಂಟ್ (ತಳ ಸುಮಾರು 23 ಅಡಿ ಆಳ). ಎರಡು ಬೋರ್‌ವೆಲ್ ಇವೆ. ಹಳೆಯದು 220 ಅಡಿ, ಫೆಬ್ರವರಿ ಮುಗಿಯುವ ಹೊತ್ತಿಗೆ ನಿಲ್ಲುತ್ತದೆ. ಅದರಿಂದ 60 ಅಡಿ ದೂರದಲ್ಲಿ ಆಮೇಲೆ ಕೊರೆಸಿದ್ದು 480 ಅಡಿ, ಆರೂವರೆ ಇಂಚಿನದು. ಕೊರೆದ ದಿನ "ಒಂದು ಇಂಚು ನೀರು" ಅಂದರು. 5 ಎಚ್‌ಪಿ ಸಬ್‌ಮರ್ಸಿಬಲ್ ಪಂಪನ್ನು 420 ಅಡಿಗೆ ಇಳಿಸಿದ್ದೇವೆ. ಮಾರ್ಚ್‌ನಲ್ಲಿ ನಿಂತ ನೀರು ಸುಮಾರು 290 ಅಡಿಯಲ್ಲಿ ಸಿಗುತ್ತದೆ. ಪಂಪ್ ಹತ್ತು ನಿಮಿಷ ಓಡುವಷ್ಟರಲ್ಲಿ ಗಾಳಿ ಬರುತ್ತದೆ, ಮೋಟಾರ್ ಎರಡು ಸಲ ಸುಟ್ಟಿದೆ.

ಕೊರೆದವರ ಚೀಟಿಯಲ್ಲಿ ಇರುವುದು ಇಷ್ಟು: 6 ಅಡಿ ಕರಿಮಣ್ಣು; 28 ಅಡಿವರೆಗೆ ಮುರುಮ್ (ಕಲ್ಲು ಶಿಥಿಲವಾಗಿ ಆದ ಗರಸು); 55 ಅಡಿವರೆಗೆ ಬಿರುಕು ಬಿಟ್ಟ ಕಲ್ಲು; 110 ಅಡಿವರೆಗೆ ಗಟ್ಟಿ ಕರಿಕಲ್ಲು; 118ರವರೆಗೆ ಕೆಂಪು ಮಣ್ಣು; 150ರವರೆಗೆ ಬಿಳಿ ಚುಕ್ಕೆಯ ನಸುಗೆಂಪು ಕಲ್ಲು, ನೀರು; ಆಮೇಲೆಲ್ಲ ಕರಿಕಲ್ಲು, 390ರಲ್ಲಿ ಸ್ವಲ್ಪ ತೇವ. ಕೇಸಿಂಗ್ (ಬೋರಿನ ಗೋಡೆ ಕುಸಿಯದಂತೆ ಇಳಿಸುವ ಪೈಪ್) 40 ಅಡಿ ಮಾತ್ರ.

ಪಾಲಿಕೆ ನೀರು ಸಾಲದೆ ಮಾರ್ಚ್‌ನಿಂದ ಜೂನ್‌ವರೆಗೆ ಟ್ಯಾಂಕರ್ ತರಿಸುತ್ತೇವೆ. ರಿಗ್ಗಿನ ಏಜೆಂಟ್ 700 ಅಡಿಗೆ ಹೋದರೆ ನೀರು ಗ್ಯಾರಂಟಿ ಅನ್ನುತ್ತಾನೆ. ಸಮಿತಿಯಲ್ಲಿ ಅರ್ಧ ಜನ ಅದಕ್ಕೆ ಒಪ್ಪಿದ್ದಾರೆ, ಇನ್ನರ್ಧ ಜನ ಟೆರೇಸ್ ನೀರನ್ನು ಬೋರಿಗೆ ಬಿಡೋಣ ಅನ್ನುತ್ತಿದ್ದಾರೆ. ತಿಳಿದವರು ದಾರಿ ಹೇಳಿ. ಕರೆಂಟ್ ಬಿಲ್ ಬಗ್ಗೆಯೂ ಸಭೆಯಲ್ಲಿ ಉತ್ತರ ಕೊಡಬೇಕಿದೆ.

ಭೂಪದರ

ಕಾರ್ಯದರ್ಶಿಗಳೇ, ಆ ಚೀಟಿಯನ್ನು ಜೋಪಾನ ಮಾಡಿ. ನಿಮ್ಮ ಪ್ರಶ್ನೆಗೆ ಬಹುಪಾಲು ಉತ್ತರ ಅದರಲ್ಲೇ ಇದೆ. 700 ಅಡಿ ಕೊರೆಸಬೇಡಿ ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಕಾರಣ ಹೇಳುತ್ತೇನೆ.

ಪುಣೆ ನಿಂತಿರುವುದು ಡೆಕ್ಕನ್ ಟ್ರ್ಯಾಪ್ ಮೇಲೆ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಲಾವಾ ಮತ್ತೆ ಮತ್ತೆ ಉಕ್ಕಿ ಹರಿದು, ಪದರದ ಮೇಲೆ ಪದರ ಹೆಪ್ಪುಗಟ್ಟಿ ಆದ ಬಸಾಲ್ಟ್ ಇದು. ಈಗ ಉಳಿದಿರುವುದೇ ಸುಮಾರು 5 ಲಕ್ಷ ಚದರ ಕಿಲೋಮೀಟರ್. ನಮ್ಮ ಬೆಳಗಾವಿ, ವಿಜಯಪುರ, ಕಲಬುರಗಿ, ಬೀದರಿನ ಬಹಳಷ್ಟು ನೆಲ ಇದೇ ಕಲ್ಲು. ಒಂದೊಂದು ಲಾವಾ ಪದರದ ಹೊಟ್ಟೆ ನಿಧಾನ ಆರಿದ್ದರಿಂದ ಗಟ್ಟಿ, ಅದೇ ನಿಮ್ಮ ಕರಿಕಲ್ಲು. ಬಿರುಕಿಲ್ಲದಿದ್ದರೆ ಅದರಲ್ಲಿ ನೀರು ನಿಲ್ಲಲು ಜಾಗವೇ ಇಲ್ಲ. ಪದರದ ಮೇಲ್ಭಾಗದಲ್ಲಿ ಮಾತ್ರ ಅನಿಲದ ಗುಳ್ಳೆಗಳು ಸಿಕ್ಕಿಕೊಂಡು ಕಲ್ಲು ತೂತುತೂತಾಗಿರುತ್ತದೆ. ನಿಮ್ಮ ಚೀಟಿಯ ಬಿಳಿ ಚುಕ್ಕೆ ಎಂದರೆ ಆಮೇಲೆ ಆ ಗುಳ್ಳೆಗಳಲ್ಲಿ ತುಂಬಿಕೊಂಡ ಜಿಯೋಲೈಟ್, ಕ್ಯಾಲ್ಸೈಟ್ ಎಂಬ ಖನಿಜಗಳು. ಪುಣೆ ಸುತ್ತಲಿನ ಕ್ವಾರಿಗಳು ಇಂಥ ಖನಿಜಗಳಿಗೆ ಜಗತ್ತಿನಲ್ಲೇ ಹೆಸರಾಗಿವೆ, ವಾಘೋಲಿಯ ನೀಲಿ ಕ್ಯಾವನ್ಸೈಟ್ ಅಂತೂ ಸಂಗ್ರಹಕಾರರಿಗೆಲ್ಲ ಗೊತ್ತು. ಆದರೆ ನೀರಿನ ಲೆಕ್ಕದಲ್ಲಿ ಈ ಚುಕ್ಕೆಗಳು ಅಡ್ಡಿಯೇ: ತೂತು ತುಂಬಿದಷ್ಟೂ ನೀರಿಗೆ ಜಾಗ ಕಡಿಮೆ. ಎರಡು ಪದರಗಳ ನಡುವಿನ ಕೆಂಪು ಮಣ್ಣು, ಒಂದು ಹರಿವು ಆರಿ ಮುಂದಿನದು ಬರುವ ನಡುವೆ ಮೇಲ್ಮೈ ಶಿಥಿಲವಾಗಿ ಆದದ್ದು. ಅದು ಜೇಡಿಯಂಥದ್ದು, ನೀರನ್ನು ಕೆಳಕ್ಕೆ ಬಿಡುವುದಿಲ್ಲ.

ಈಗ ನಿಮ್ಮ ಚೀಟಿ ಓದಿ. ನಿಮ್ಮ ಜಾಗದಲ್ಲಿ ನೀರಿನ ಮನೆ ಎರಡೇ. 6ರಿಂದ 55 ಅಡಿವರೆಗಿನ ಮುರುಮ್ ಮತ್ತು ಬಿರುಕುಕಲ್ಲು ಒಂದು. ಕೆಂಪು ಮಣ್ಣಿನ ಕೆಳಗೆ 118ರಿಂದ 150 ಅಡಿ ಇನ್ನೊಂದು. ಅದರ ಕೆಳಗಿನ 330 ಅಡಿಯಲ್ಲಿ ಸಿಕ್ಕಿದ್ದು 390ರ ತೇವವೊಂದೇ. ಪುಣೆಯ ಲಾವಾ ಪದರಗಳು ಹೆಚ್ಚುಕಡಿಮೆ ಮಟ್ಟಸವಾಗಿ ಮಲಗಿವೆ, ಮೇಲಿನ ಭಾರಕ್ಕೆ ಆಳದ ಬಿರುಕುಗಳು ಬಿಗಿದುಕೊಂಡಿರುತ್ತವೆ. ಆಳಕ್ಕೆ ಹೋದಷ್ಟೂ ನೀರು ಹೆಚ್ಚು ಎನ್ನುವ ಲೆಕ್ಕ ಗಂಗೆಯ ಮೆಕ್ಕಲು ಬಯಲಿನಲ್ಲಿ ನಡೆದೀತು, ಇಲ್ಲಿ ನಡೆಯುವುದಿಲ್ಲ. ಅಲ್ಲಿ ಒಂದು ಘನಮೀಟರ್ ಮರಳು ಮೆಕ್ಕಲಿನಿಂದ 120ರಿಂದ 200 ಲೀಟರ್ ನೀರು ಇಳಿದು ಬಂದರೆ, ನಮ್ಮ ತೂತುಬಸಾಲ್ಟ್‌ನಿಂದ ಬರುವುದು 10ರಿಂದ 30 ಲೀಟರ್. ಲೆಕ್ಕ ಹಾಕುವವರು 20 ಎಂದು ಹಿಡಿಯುತ್ತಾರೆ.

ಇದಕ್ಕಿಂತ ಗಂಭೀರ ವಿಷಯ ಇನ್ನೊಂದಿದೆ. ನಿಮ್ಮ 480 ಅಡಿ ಬೋರು 118–150ರ ಪದರವನ್ನು ತೂತು ಮಾಡಿಕೊಂಡು ಕೆಳಗಿಳಿದಿದೆ, ಅಲ್ಲಿ ಕೇಸಿಂಗ್ ಇಲ್ಲ. ಒಳಗೆ ನಿಂತ ನೀರು 290 ಅಡಿಯಲ್ಲಿ. ಅಂದರೆ ಮೇಲಿನ ಪದರದಲ್ಲಿ ನೀರಿರುವವರೆಗೂ ಅದು ಆ ಬೋರಿನ ಗೋಡೆಯಿಂದ ಸುರಿದು ಕೆಳಗಿನ ಬಿರುಕಿನತ್ತ ಹೋಗುತ್ತಿರುತ್ತದೆ, ಪಂಪ್ ಓಡಲಿ ಬಿಡಲಿ. 60 ಅಡಿ ದೂರದ ಹಳೆಯ ಬೋರು ಬೇಗ ಬತ್ತುವುದರಲ್ಲಿ ಇದರ ಪಾಲು ಇದ್ದೇ ಇರುತ್ತದೆ. ಪರೀಕ್ಷೆ ಸುಲಭ. ಡಿಸೆಂಬರ್‌ನಲ್ಲಿ ಒಂದು ರಾತ್ರಿ ಎರಡೂ ಪಂಪ್ ನಿಲ್ಲಿಸಿ, ಬೆಳಗ್ಗೆ 480ರ ಮುಚ್ಚಳ ತೆಗೆದು ಕಿವಿಗೊಡಿ. ಒಳಗೆ ನೀರು ಬೀಳುವ ಸದ್ದು ಕೇಳಿದರೆ ವಿಷಯ ಖಚಿತ. ಬೋರ್ ಕ್ಯಾಮೆರಾ ಬಿಡಿಸಿದರೆ ಎಷ್ಟನೇ ಅಡಿಯಿಂದ ಬೀಳುತ್ತಿದೆ ಎಂದೂ ಕಾಣುತ್ತದೆ. 700ಕ್ಕೆ ಇಳಿಸುವುದೆಂದರೆ ಈ ಸೋರಿಕೆಗೆ ಇನ್ನೂ ದೊಡ್ಡ ದಾರಿ ಮಾಡಿಕೊಟ್ಟಂತೆ.

ನಿಮಗೊಂದು ಪ್ರಶ್ನೆ. ಬೇಸ್‌ಮೆಂಟ್‌ನ ಕೆಳಮಹಡಿಯಲ್ಲಿ ನೀರು ಸೇರುವ ಗುಂಡಿ ಇದೆಯೇ? ಅದರ ಪಂಪ್ ಬೇಸಿಗೆಯಲ್ಲೂ ಓಡುತ್ತದೆಯೇ? ಆ ನೀರು ಎಲ್ಲಿಗೆ ಹೋಗುತ್ತದೆ?

ಬಾಣೇರ್ ಕಾರ್ಯದರ್ಶಿ

ಇದೆ ಸರ್. ಒಂದೂವರೆ ಮೀಟರ್ ಉದ್ದ, ಅಷ್ಟೇ ಅಗಲದ ಗುಂಡಿ. ಫ್ಲೋಟ್ ಇರುವ ಪಂಪ್, ಹಗಲೂ ರಾತ್ರಿ ಬಿಟ್ಟು ಬಿಟ್ಟು ಓಡುತ್ತದೆ, ಏಪ್ರಿಲ್‌ನಲ್ಲೂ. ನೀರು ರಸ್ತೆ ಬದಿಯ ಮಳೆನೀರಿನ ಚರಂಡಿಗೆ ಹೋಗುತ್ತದೆ. ವಾಟರ್‌ಪ್ರೂಫಿಂಗ್ ಸರಿಯಿಲ್ಲ ಎಂದುಕೊಂಡು ಸುಮ್ಮನಿದ್ದೆವು.

ಭೂಪದರ

ಹಾಗಾದರೆ ನಿಮ್ಮ ಮೊದಲನೇ ನೀರಿನ ಮನೆ ಅದೇ. ಬೇಸ್‌ಮೆಂಟ್ ತಳ 23 ಅಡಿ, ಅಂದರೆ ಮುರುಮಿನ ಪದರವನ್ನು ಬಹುತೇಕ ಪೂರ್ತಿ ಕಡಿದು ಕಟ್ಟಡ ಕೂತಿದೆ. ಸುತ್ತಲಿನ ಅಂತರ್ಜಲ ಅಲ್ಲಿಗೆ ಜಿನುಗುತ್ತಿದೆ, ನೀವು ಅದನ್ನು ವರ್ಷವಿಡೀ ಚರಂಡಿಗೆ ಎತ್ತಿ ಹಾಕುತ್ತಿದ್ದೀರಿ. ಬಾಣೇರ್, ಬಾಲೇವಾಡಿ ಕಡೆ ಹೊಸ ಕಟ್ಟಡಗಳೆಲ್ಲ ಎರಡು ಮೂರು ಅಂತಸ್ತು ಕೆಳಗಿಳಿಯುತ್ತಿವೆ. ಎಲ್ಲರೂ ಹೀಗೆ ಮೇಲಿನ ನೀರನ್ನು ಹೊರಗೆ ಹಾಕಿ ಕೆಳಗೆ ನೀರು ಹುಡುಕುವುದನ್ನು ನೋಡಿದರೆ ನಿಜಕ್ಕೂ ಸಂಕಟವಾಗುತ್ತದೆ.

ಮೊದಲು ಅಳೆಯಿರಿ. ಗುಂಡಿ ಖಾಲಿಯಾದ ಮೇಲೆ ಪಂಪಿನ ಸ್ವಿಚ್ ಆಫ್ ಮಾಡಿ, ಗೋಡೆಗೆ ಸ್ಕೇಲ್ ಅಂಟಿಸಿ, ಒಂದು ಗಂಟೆಯಲ್ಲಿ ನೀರು ಎಷ್ಟು ಏರಿತು ನೋಡಿ. ಉದಾಹರಣೆಗೆ 40 ಸೆಂಟಿಮೀಟರ್ ಏರಿದರೆ 1.5 × 1.5 × 0.4 = 0.9 ಘನಮೀಟರ್, ಅಂದರೆ ಗಂಟೆಗೆ 900 ಲೀಟರ್, ದಿನಕ್ಕೆ 21,600 ಲೀಟರ್. ಹತ್ತು ಸಾವಿರ ಲೀಟರಿನ ಎರಡು ಟ್ಯಾಂಕರ್‌ಗಿಂತ ಜಾಸ್ತಿ. ಬೆಳಗ್ಗೆ, ಮಧ್ಯಾಹ್ನ, ನಡುರಾತ್ರಿ ಮೂರು ಹೊತ್ತು ಅಳೆಯಿರಿ. ಮೂರೂ ಸಲ ಒಂದೇ ಇದ್ದರೆ ಅಂತರ್ಜಲ. ಬೆಳಗ್ಗೆ 7ರಿಂದ 10ರವರೆಗೆ ಮಾತ್ರ ಜಾಸ್ತಿ ಬಂದು ಸೋಪಿನ ವಾಸನೆ ಇದ್ದರೆ ಡ್ರೈನೇಜ್ ಪೈಪ್ ಸೋರುತ್ತಿದೆ. ಇನ್ನೊಂದು ಪರೀಕ್ಷೆ ತಪ್ಪದೆ ಮಾಡಿ: ಕ್ಲೋರಿನ್ ನೋಡುವ ಒಟಿ ದ್ರಾವಣದ ಒಂದೆರಡು ಹನಿ ಹಾಕಿ. ಹಳದಿ ಬಣ್ಣ ಬಂದರೆ ಅದು ಪಾಲಿಕೆಯ ನೀರು, ನಿಮ್ಮ ನೆಲದಡಿಯ ಟ್ಯಾಂಕೋ ಮುಖ್ಯ ಪೈಪೋ ಸೋರುತ್ತಿದೆ. ಕ್ಲೋರಿನ್ ಮಣ್ಣಿನಲ್ಲಿ ಬಹಳ ದೂರ ಉಳಿಯುವುದಿಲ್ಲ, ಹಾಗಾಗಿ ಸೋರಿಕೆ ಹತ್ತಿರದಲ್ಲೇ ಇರುತ್ತದೆ.

ಅಂತರ್ಜಲವೇ ಆದರೆ ಲ್ಯಾಬಿಗೆ ಕೊಟ್ಟು ಕೋಲಿಫಾರ್ಮ್ (ಕೊಳಚೆಯ ಬ್ಯಾಕ್ಟೀರಿಯಾ), ನೈಟ್ರೇಟ್, ಅಮೋನಿಯಾ, ಟಿಡಿಎಸ್ (ಕರಗಿದ ಲವಣಗಳ ಪ್ರಮಾಣ) ನೋಡಿಸಿ. ಕುಡಿಯಲು, ಅಡುಗೆಗೆ ಬೇಡ. ಫ್ಲಶ್‌ಗೆ ಬಳಸಿ. ತಲೆಗೆ ದಿನಕ್ಕೆ 135 ಲೀಟರ್ ಲೆಕ್ಕದಲ್ಲಿ, ಫ್ಲ್ಯಾಟಿಗೆ ನಾಲ್ವರಂತೆ 256 ಜನರಿಗೆ 34,560 ಲೀಟರ್ ಬೇಕು. ಅದರಲ್ಲಿ ಫ್ಲಶ್‌ಗೆ ತಲೆಗೆ 45 ಲೀಟರ್ ಎಂದು ಹಿಡಿದರೆ 11,520 ಲೀಟರ್, ಅಂದರೆ ಮೂರನೇ ಒಂದು ಪಾಲು. ಫ್ಲಶ್‌ಗೆ ಬೇರೆ ಪೈಪ್ ಲೈನ್ ಇದ್ದರೆ ನಿಮ್ಮ ಕೆಲಸ ತೀರಾ ಹಗುರ. ಇಲ್ಲದಿದ್ದರೆ ಗಿಡ, ಕಾರು, ನೆಲ ತೊಳೆಯಲು ಬಳಸಿ.

ಕೊತ್ರೂಡ್ ಸಿವಿಲ್

ಮಳೆನೀರಿನ ಭಾಗ ನಾನು ಬರೆಯುತ್ತೇನೆ. ಭೂಪದರ ಸರ್ ಹೇಳಿದ್ದಕ್ಕೆ ಹೊಂದಿಕೊಂಡೇ ವಿನ್ಯಾಸ ಆಗಬೇಕು, ಯಾಕೆಂದರೆ ಇಂಗುಗುಂಡಿಯನ್ನು ತಪ್ಪು ಜಾಗದಲ್ಲಿ ತೋಡಿದರೆ ಆ ನೀರೆಲ್ಲ ನಿಮ್ಮ ಬೇಸ್‌ಮೆಂಟ್ ಗೋಡೆಗೇ ಬರುತ್ತದೆ. ಇದೇ ಅತಿ ಹೆಚ್ಚು ಆಗುವ ಎಡವಟ್ಟು. ಗುಂಡಿ ಬೇಸ್‌ಮೆಂಟ್ ಗೋಡೆಯಿಂದ ಕನಿಷ್ಠ 10 ಮೀಟರ್ ದೂರ ಇರಲಿ, ಇಳಿಜಾರಿನ ಕೆಳಬದಿಗೆ. ಸೆಪ್ಟಿಕ್ ಟ್ಯಾಂಕ್, ಡ್ರೈನೇಜ್ ಚೇಂಬರ್‌ನಿಂದ 15 ಮೀಟರ್.

ಎಷ್ಟು ನೀರು ಸಿಗುತ್ತದೆ? ಪುಣೆಯ ಮಳೆ ವರ್ಷಕ್ಕೆ ಸುಮಾರು 700 ಮಿಲಿಮೀಟರ್ ಎಂದು ಹಿಡಿಯೋಣ. ಬಿದ್ದದ್ದರಲ್ಲಿ 85 ಶೇಕಡಾ ಕೈಗೆ ಸಿಕ್ಕರೆ 900 ಚದರ ಮೀಟರ್ × 0.7 × 0.85 = 535 ಘನಮೀಟರ್. ಸಭೆಯಲ್ಲಿ ಇದನ್ನು ಮುಚ್ಚುಮರೆಯಿಲ್ಲದೆ ಹೇಳಿ: ಇದು ನಿಮ್ಮ ಸೊಸೈಟಿಯ ಹದಿನೈದು ದಿನದ ಬಳಕೆ. ಮಳೆ ಕೊಯ್ಲಿನಿಂದ ಟ್ಯಾಂಕರ್ ಪೂರ್ತಿ ನಿಲ್ಲುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಹಾಗೆಂದು ಸಣ್ಣದೂ ಅಲ್ಲ. ಎಕರೆಗೆ 4,000 ಚದರ ಮೀಟರ್, ಕಲ್ಲಿನ ಘನಮೀಟರ್‌ಗೆ 20 ಲೀಟರ್ ಎಂದರೆ, ನೀರಿನ ಮಟ್ಟ ಒಂದು ಮೀಟರ್ ಏರಲು 80 ಘನಮೀಟರ್ ಸಾಕು. ಕಾಗದದ ಮೇಲೆ 535 ಘನಮೀಟರ್ ನಿಮ್ಮ ಪದರವನ್ನು ಆರೂವರೆ ಮೀಟರ್ ಏರಿಸಬಲ್ಲದು. ಕಲ್ಲಿನಲ್ಲಿ ಜಾಗ ಕಡಿಮೆ ಇರುವುದರಿಂದಲೇ ಬೇಗ ಬತ್ತುತ್ತದೆ, ಅದೇ ಕಾರಣಕ್ಕೆ ಬೇಗ ತುಂಬುತ್ತದೆ ಕೂಡ. ಆದರೆ ನೀರು ನಿಮ್ಮ ಕಾಂಪೌಂಡಿನೊಳಗೇ ನಿಲ್ಲುವುದಿಲ್ಲ, ಅಕ್ಕಪಕ್ಕಕ್ಕೆ ಹರಡುತ್ತದೆ. ಅದಕ್ಕೇ ಪಕ್ಕದ ನಾಲ್ಕೈದು ಸೊಸೈಟಿಗಳನ್ನು ಕೂಡಿಸಿಕೊಂಡು ಮಾಡಿದರೆ ಮಾರ್ಚ್‌ನಲ್ಲಿ ಎಲ್ಲರಿಗೂ ಕಣ್ಣಿಗೆ ಕಾಣುವ ವ್ಯತ್ಯಾಸ.

ನಿಮಗೆ ಬೇಕಾದದ್ದು 150 ಅಡಿಯ ಒಂದು ಮರುಪೂರಣ ಬೋರು (ಮಳೆನೀರನ್ನು ನೆಲದೊಳಕ್ಕೆ ಇಳಿಸುವುದು), ಅದಕ್ಕಿಂತ ಒಂದಡಿಯೂ ಆಳ ಬೇಡ. 118 ಅಡಿವರೆಗೆ ತೂತಿಲ್ಲದ ಕೇಸಿಂಗ್ ಹಾಕಿ, ಕೇಸಿಂಗ್ ಮತ್ತು ಕಲ್ಲಿನ ನಡುವಿನ ಸಂದಿಗೆ ಸಿಮೆಂಟ್ ಹಾಲು ತುಂಬಿಸಿ. ಇದಕ್ಕೆ ಎರಡು ಕಾರಣ. ಒಂದು, ನೀರು ಬೇಸ್‌ಮೆಂಟ್ ಮಟ್ಟದಲ್ಲಿ ಹೊರಬೀಳಬಾರದು. ಎರಡು, 110–118ರ ಕೆಂಪು ಮಣ್ಣು ನೀರು ತಗುಲಿದರೆ ಅರಳಿ ಕುಸಿಯುತ್ತದೆ, ಒಂದೆರಡು ಮಳೆಗಾಲದಲ್ಲೇ ಬೋರು ಹೂಳು ತುಂಬಿ ಸತ್ತಂತೆ. ಗುತ್ತಿಗೆದಾರರು ಕೇಸಿಂಗ್ ಖರ್ಚು ಉಳಿಸಲು 40 ಅಡಿಗೆ ನಿಲ್ಲಿಸೋಣ ಅನ್ನುತ್ತಾರೆ, ಒಪ್ಪಬೇಡಿ.

ಕೊರೆಯುವಾಗ ಪ್ರತಿ 10 ಅಡಿಗೆ ಒಂದು ಹಿಡಿ ಚೂರನ್ನು ತೊಳೆದು, ಅಡಿ ಬರೆದ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಿ. ಬೂದುಗಪ್ಪು ಹಿಟ್ಟು ಹಾರಿದರೆ ಗಟ್ಟಿ ಕಲ್ಲು. ಹಿಟ್ಟು ನಿಂತು, ಕಂದು ಬಣ್ಣದ ಚೂರಿನಲ್ಲಿ ಅಕ್ಕಿನುಚ್ಚಿನಂಥ ಬಿಳಿ ಹರಳು ಕಂಡರೆ ತೂತುಕಲ್ಲು. ಕೆಂಪು ರಾಡಿ ಬಂದರೆ ಆ ಮಣ್ಣಿನ ಪದರ. 60 ಅಡಿ ಅಂತರದಲ್ಲೇ ಇವುಗಳ ಆಳ ಐದಾರು ಅಡಿ ಆಚೀಚೆ ಆಗಬಹುದು, ಹಾಗಾಗಿ ಕೇಸಿಂಗ್ ಉದ್ದವನ್ನು ಚೂರು ನೋಡಿಯೇ ನಿರ್ಧರಿಸಿ.

ಬೋರು ಆದ ಮೇಲೆ ಗುಂಡಿ ಕಟ್ಟುವ ಮೊದಲು 5,000 ಲೀಟರಿನ ಟ್ಯಾಂಕರ್ ತರಿಸಿ ಸುರಿಯಿರಿ. ಅರ್ಧ ಗಂಟೆಯಲ್ಲಿ ಕುಡಿದರೆ ಗಂಟೆಗೆ 10 ಘನಮೀಟರ್, ಒಳ್ಳೆಯ ಬೋರು. ಎರಡು ಗಂಟೆಯಾದರೂ ನೀರು ಮೇಲೇ ನಿಂತಿದ್ದರೆ ಅಲ್ಲಿ ತೂತುಗಳೆಲ್ಲ ಜಿಯೋಲೈಟಿನಿಂದ ಮುಚ್ಚಿವೆ. ಗುಂಡಿಗೆ ದುಡ್ಡು ಸುರಿಯಬೇಡಿ.

ಬೋರಿನ ಸುತ್ತ ಕಟ್ಟುವ ಗುಂಡಿಯ ಅಳತೆ: ಜೋರು ಮಳೆ ಗಂಟೆಗೆ 60 ಮಿಲಿಮೀಟರ್ ಎಂದರೆ ಟೆರೇಸಿನಿಂದ ಗಂಟೆಗೆ ಸುಮಾರು 46 ಘನಮೀಟರ್ ಇಳಿಯುತ್ತದೆ. ಹದಿನೈದು ನಿಮಿಷದ ನೀರು, ಅಂದರೆ 11.5 ಘನಮೀಟರ್ ಹಿಡಿಯಬೇಕು. 3 ಮೀಟರ್ ಉದ್ದ, 2 ಅಗಲ, 3 ಆಳ ಸಾಕು. ತಳದಲ್ಲಿ 50 ಸೆಂಟಿಮೀಟರ್ ದಪ್ಪಕ್ಕೆ 5–20 ಸೆಂಟಿಮೀಟರ್ ಗುಂಡುಕಲ್ಲು, ಮೇಲೆ 40 ಸೆಂಟಿಮೀಟರ್ ಜಲ್ಲಿ (5–10 ಮಿಲಿಮೀಟರ್), ಅದರ ಮೇಲೆ ನೈಲಾನ್ ಜಾಲರಿ, ಕೊನೆಗೆ 30 ಸೆಂಟಿಮೀಟರ್ ದಪ್ಪ ಮರಳು (1.5–2 ಮಿಲಿಮೀಟರ್). ಜಾಲರಿ ಬಿಟ್ಟರೆ ಮರಳು ಜಲ್ಲಿಯೊಳಗೆ ಇಳಿದು ಇಡೀ ಗುಂಡಿ ಬಗೆಯಬೇಕಾಗುತ್ತದೆ. ಬೋರಿನ ಪೈಪಿನಲ್ಲಿ ಸೀಳುಗಳು ಗುಂಡುಕಲ್ಲಿನ ಮಟ್ಟದಲ್ಲಿ ಮಾತ್ರ ಇರಬೇಕು. ಪೈಪಿನ ತುದಿ ಗುಂಡಿಯ ನೀರಿನ ಮಟ್ಟಕ್ಕಿಂತ ಮೇಲೆ ಬರಲಿ, ಅದಕ್ಕೆ ಮುಚ್ಚಳ ಮತ್ತು ಒಂದು ಇಂಚಿನ ಗಾಳಿಕೊಳವೆ. ಗಾಳಿ ಹೊರಹೋಗಲು ದಾರಿಯಿಲ್ಲದಿದ್ದರೆ ನೀರು ಇಳಿಯದೆ ಗುಂಡಿ ಉಕ್ಕುತ್ತದೆ, ಜನ ಬೋರೇ ಕೆಟ್ಟಿದೆ ಎಂದುಕೊಳ್ಳುತ್ತಾರೆ. ಉಕ್ಕಿದ ನೀರಿಗೆ ಚರಂಡಿಗೆ ಪೈಪ್ ಇರಲೇಬೇಕು.

ಮೊದಲ ಮಳೆಯ ಕೊಳೆ ಬೇರೆ ಮಾಡಲು ನಾಲ್ಕಿಂಚು ಪೈಪಿನ ತುಂಡು ಹಾಕಿ "ಫಸ್ಟ್ ಫ್ಲಶ್" ಎಂದು ಮಾರುತ್ತಾರೆ. ಆ ಪೈಪ್ ಮೀಟರಿಗೆ 8 ಲೀಟರ್ ಹಿಡಿಯುತ್ತದೆ. ನಿಮ್ಮ ಟೆರೇಸಿನ ಒಂದು ಮಿಲಿಮೀಟರ್ ಮಳೆಯೇ 900 ಲೀಟರ್. ಸಾವಿರ ಲೀಟರಿನ ಒಂದು ಟ್ಯಾಂಕ್ ಇಟ್ಟು, ತುಂಬಿದ ಮೇಲೆ ಚೆಂಡು ತೇಲಿ ಬಾಯಿ ಮುಚ್ಚಿ ನೀರು ಗುಂಡಿಯತ್ತ ತಿರುಗುವಂತೆ ಮಾಡಿ. ಟ್ಯಾಂಕಿನ ತಳದ ನಲ್ಲಿಯನ್ನು ಸಣ್ಣಗೆ ಬಿಟ್ಟಿಡಿ, ಮುಂದಿನ ಮಳೆಗೆ ತಾನೇ ಖಾಲಿಯಾಗಿರುತ್ತದೆ.

ಪಾರ್ಕಿಂಗ್, ರಸ್ತೆ, ತೋಟದ ನೀರನ್ನು ಯಾವ ಕಾರಣಕ್ಕೂ ಬೋರಿಗೆ ಬಿಡಬೇಡಿ. ಎಣ್ಣೆ, ಗೊಬ್ಬರ, ನಾಯಿಯ ಹೇಸಿಗೆ ನೇರ ಅಂತರ್ಜಲಕ್ಕೆ ಹೋಗುತ್ತದೆ. ಬಿರುಕುಕಲ್ಲಿನಲ್ಲಿ ಅದನ್ನು ಸೋಸಲು ಮಣ್ಣಿಲ್ಲ, ಮತ್ತು ಅದೇ ನೀರನ್ನು ಪಕ್ಕದವರು ಎತ್ತುತ್ತಾರೆ.

ವಾರಜೆ ವಿದ್ಯುತ್

ಕರೆಂಟ್ ಲೆಕ್ಕ. ಸಾವಿರ ಲೀಟರ್ ನೀರನ್ನು 100 ಮೀಟರ್ ಎತ್ತಲು ಪ್ರಕೃತಿ ಕೇಳುವುದು 0.27 ಯೂನಿಟ್. ಪಂಪ್, ಮೋಟಾರ್, ಪೈಪ್ ಎಲ್ಲ ಸೇರಿ 40 ಶೇಕಡಾ ದಕ್ಷತೆ ಎಂದು ಹಿಡಿದರೆ, ನಿಮ್ಮ 480ರ ಬೋರಿನಲ್ಲಿ ಒಟ್ಟು 120 ಮೀಟರ್ ಎತ್ತರಕ್ಕೆ ಸಾವಿರ ಲೀಟರ್‌ಗೆ ಸುಮಾರು 0.8 ಯೂನಿಟ್ ಬೀಳುತ್ತದೆ. ಬೇಸ್‌ಮೆಂಟ್ ಗುಂಡಿಯಿಂದ 10 ಮೀಟರ್ ಎತ್ತಿದರೆ 30 ಶೇಕಡಾ ದಕ್ಷತೆಯಲ್ಲೂ 0.09 ಯೂನಿಟ್. ಟ್ಯಾಂಕರ್? ಹೋಗಿ ಬರಲು 20 ಕಿಲೋಮೀಟರ್, ಲೀಟರಿಗೆ 4 ಕಿಲೋಮೀಟರ್ ಎಂದರೆ 5 ಲೀಟರ್ ಡೀಸೆಲ್. ಲೀಟರ್ ಡೀಸೆಲ್‌ನಲ್ಲಿ ಸುಮಾರು 10 ಯೂನಿಟ್ ಶಾಖ. ಹತ್ತು ಸಾವಿರ ಲೀಟರಿಗೆ 50 ಯೂನಿಟ್, ಸಾವಿರಕ್ಕೆ 5. ಜೊತೆಗೆ ಒಂದು ಟ್ರಿಪ್ಪಿಗೆ 13 ಕಿಲೋಗ್ರಾಂಗಿಂತ ಹೆಚ್ಚು ಇಂಗಾಲದ ಡೈಆಕ್ಸೈಡ್. ಸಭೆಯಲ್ಲಿ ಈ ಮೂರು ಅಂಕಿ ಬೋರ್ಡ್ ಮೇಲೆ ಬರೆಯಿರಿ: 0.09, 0.8, 5.

ಇನ್ನೊಂದು ಹೋಲಿಕೆ ಪುಣೆಯಲ್ಲಿ ಕೂತವರಿಗೆ ತಿಳಿದಿರಬೇಕು. ಮುಳಶಿ ಅಣೆಕಟ್ಟಿನ ನೀರು ಪೂರ್ವಕ್ಕೆ ಭೀಮಾ ಕಡೆ ಹರಿಯಬೇಕಾದದ್ದು. ಅದನ್ನು ಪಶ್ಚಿಮಕ್ಕೆ ತಿರುಗಿಸಿ ಸಹ್ಯಾದ್ರಿಯ ಅಂಚಿನಿಂದ ಸುಮಾರು 500 ಮೀಟರ್ ಕೆಳಗೆ ಭಿರಾ ವಿದ್ಯುದಾಗಾರಕ್ಕೆ ಬೀಳಿಸುತ್ತಾರೆ, 1927ರಿಂದ. ಆ ಅಂಚು ಕೂಡ ಇದೇ ಲಾವಾ ಪದರಗಳದ್ದು. ಅಲ್ಲಿ ಸಾವಿರ ಲೀಟರ್ ಬಿದ್ದರೆ ಸುಮಾರು 1.1 ಯೂನಿಟ್ ಹುಟ್ಟುತ್ತದೆ, ನೀವು ಸಾವಿರ ಲೀಟರ್ ಎತ್ತಲು 0.8 ಸುಡುತ್ತೀರಿ. ಆ ಅಣೆಕಟ್ಟಿಗಾಗಿ ಮುಳುಗಿದ ಊರುಗಳ ರೈತರು 1921ರಿಂದ 1924ರವರೆಗೆ ಸೇನಾಪತಿ ಬಾಪಟ್ ಮುಂದಾಳತ್ವದಲ್ಲಿ ಸತ್ಯಾಗ್ರಹ ಮಾಡಿದ್ದರು. ಇಲ್ಲಿ ನೀರು, ಕರೆಂಟು, ನೆಲ ಮೂರನ್ನೂ ಬಿಡಿಸಿ ನೋಡಲು ಬರುವುದಿಲ್ಲ.

ಮೋಟಾರ್ ಸುಡುವುದಕ್ಕೆ ಕಾರಣ ನಿಮ್ಮ ಅಂಕಿಗಳಲ್ಲೇ ಇದೆ. ರಿಗ್ಗಿನವರ "ಇಂಚು" ಎಂದರೆ ವಿ-ನಾಚ್ (ವಿ ಆಕಾರದಲ್ಲಿ ಕತ್ತರಿಸಿದ) ತಗಡಿನ ಮೇಲೆ ಹರಿವ ನೀರಿನ ಎತ್ತರ. 90 ಡಿಗ್ರಿ ನಾಚ್‌ನಲ್ಲಿ ಒಂದು ಇಂಚು ಎಂದರೆ ಗಂಟೆಗೆ 500 ಲೀಟರ್ ಮಾತ್ರ. ಎರಡು ಇಂಚು ಅದರ ಇಮ್ಮಡಿಯಲ್ಲ, ಐದೂವರೆ ಪಟ್ಟು, ಸುಮಾರು 2,900 ಲೀಟರ್. ನಿಮ್ಮ 5 ಎಚ್‌ಪಿ ಪಂಪ್ ಆ ಎತ್ತರಕ್ಕೆ ಗಂಟೆಗೆ 5,700 ಲೀಟರ್ ಎಳೆಯುತ್ತದೆ. ಆರೂವರೆ ಇಂಚಿನ ಬೋರಿನಲ್ಲಿ ಮೀಟರಿಗೆ 21 ಲೀಟರ್ ನೀರು. 290ರಿಂದ 420 ಅಡಿವರೆಗಿನ 40 ಮೀಟರಿನಲ್ಲಿ 850 ಲೀಟರ್. ನಿಮಿಷಕ್ಕೆ 95 ಲೀಟರ್ ಎಳೆದರೆ ಒಂಬತ್ತು ನಿಮಿಷಕ್ಕೆ ಖಾಲಿ. ಸಬ್‌ಮರ್ಸಿಬಲ್ ಮೋಟಾರ್ ತಂಪಾಗುವುದು ಸುತ್ತ ಹರಿಯುವ ನೀರಿನಿಂದಲೇ, ನೀರು ನಿಂತರೆ ವೈಂಡಿಂಗ್ ಹೋಗುತ್ತದೆ.

ನೀರು ತೀರಿದೊಡನೆ ಪಂಪ್ ನಿಲ್ಲಿಸುವ ಡ್ರೈ ರನ್ ರಿಲೇ ಹಾಕಿಸಿ, ಸಣ್ಣ ಖರ್ಚು. ಟೈಮರ್‌ನಲ್ಲಿ 8 ನಿಮಿಷ ಓಟ, 100 ನಿಮಿಷ ವಿಶ್ರಾಂತಿ ಇಡಿ. ದಿನಕ್ಕೆ ಹದಿಮೂರು ಸಲ, ಹತ್ತು ಸಾವಿರ ಲೀಟರ್ ಆಸುಪಾಸು. ಮುಂದೆ ಮೋಟಾರ್ ಬದಲಿಸುವಾಗ ಕಡಿಮೆ ಎಚ್‌ಪಿ, ಹೆಚ್ಚು ಸ್ಟೇಜ್ (ಒಂದರ ಮೇಲೊಂದು ಕೂರಿಸಿದ ಇಂಪೆಲ್ಲರ್, ಅಂದರೆ ನೀರು ತಳ್ಳುವ ಚಕ್ರ) ಇರುವುದನ್ನು ತನ್ನಿ. ನೀರಿಗೊಂದು ಮೀಟರ್, ಪಂಪಿಗೊಂದು ಸಬ್‌ಮೀಟರ್ ಇಟ್ಟು ವಾರಕ್ಕೊಮ್ಮೆ "ಸಾವಿರ ಲೀಟರಿಗೆ ಎಷ್ಟು ಯೂನಿಟ್" ಬರೆಯಿರಿ. 0.8 ಇದ್ದದ್ದು 1.1ಕ್ಕೆ ಏರಿ, ನೀರಿನ ಮಟ್ಟವೂ ಇಳಿದಿದ್ದರೆ ಅಂತರ್ಜಲದ ಕಥೆ. ಮಟ್ಟ ಅಷ್ಟೇ ಇದ್ದರೆ ಇಂಪೆಲ್ಲರ್ ಸವೆದಿದೆ, ಇಲ್ಲವೇ ಒಳಗಿನ ಪೈಪ್ ಜೋಡಣೆ ಸೋರುತ್ತಿದೆ.

ಬೀದರ್ ಟು ಪುಣೆ

ಒಳ್ಳೆ ಚರ್ಚೆ ನಡದದ ರೀ. ಒಂದು ಆಕ್ಷೇಪ ಇಡ್ತೀನಿ. 600–700 ಅಡಿಯಲ್ಲಿ ಚಲೋ ನೀರು ಬಿದ್ದ ಬೋರ್‌ಗಳೂ ಅವ. ಪೂರ್ತಿ ಇಲ್ಲ ಅನ್ನಲಿಕ್ಕೆ ಆಗೋದಿಲ್ಲ. ಇನ್ನೊಂದು ಕೇಳೋದದ: ಜಕಾರ್ತಾ ನೀರು ಎತ್ತಿ ಎತ್ತಿ ಕುಸೀಲಿಕ್ಕತ್ತದ ಅಂತಾರಲ್ಲ, ಪುಣೆಗೂ ಹಂಗ ಆಗತದ ಏನು? ಮತ್ತ ಬಸಾಲ್ಟ್‌ನ್ಯಾಗ ಇಂಗಾಲ ಹೂಳಬಹುದು ಅಂತ ಓದಿದ್ದೆ, ಅದು ಇದೇ ಕಲ್ಲೇ?

ಭೂಪದರ

ಆಕ್ಷೇಪ ಸರಿಯಾದದ್ದೇ ಸರ್. ಆಳದಲ್ಲಿ ಇನ್ನೊಂದು ಪದರದ ತೂತುಕಲ್ಲೋ, ಕಲ್ಲನ್ನು ನೆಟ್ಟಗೆ ಸೀಳಿಕೊಂಡು ಹೋದ ಡೈಕ್ (ಬಿರುಕಿನಲ್ಲೇ ಹೆಪ್ಪುಗಟ್ಟಿದ ಲಾವಾ ಗೋಡೆ) ಅಂಚಿನ ಬಿರುಕೋ ಸಿಕ್ಕರೆ ನೀರು ಬರುತ್ತದೆ. ಆದರೆ ಹಾಗೆ ಬಂದ ನೀರು ಹಳೆಯದು. ಕೆಂಪು ಮಣ್ಣಿನ ಪದರಗಳನ್ನು ದಾಟಿ ಮಳೆ ಅಲ್ಲಿಗೆ ತಲುಪಲು ಬಹಳ ಕಾಲ ಬೇಕು. ಕೂಡಿಟ್ಟದ್ದನ್ನು ಒಂದು ಸಲ ಖರ್ಚು ಮಾಡಬಹುದು, ವರ್ಷ ವರ್ಷ ತುಂಬುವುದಿಲ್ಲ. ಜೊತೆಗೆ ಮಹಾರಾಷ್ಟ್ರದ 2009ರ ಅಂತರ್ಜಲ ಕಾಯ್ದೆ 60 ಮೀಟರಿಗಿಂತ ಆಳದ್ದನ್ನು ಆಳದ ಬಾವಿ ಎಂದು ಬೇರೆಯಾಗಿಯೇ ನೋಡುತ್ತದೆ. ಹೊಸದಾಗಿ ಏನೇ ಕೊರೆಯುವ ಮೊದಲು ರಾಜ್ಯದ ಅಂತರ್ಜಲ ಸಮೀಕ್ಷೆ ಸಂಸ್ಥೆ ಜಿಎಸ್‌ಡಿಎ ಕಚೇರಿಯಲ್ಲಿ ಅನುಮತಿ ವಿಚಾರಿಸಿ. ಅದರ ಕೇಂದ್ರ ಕಚೇರಿ ಪುಣೆಯಲ್ಲೇ ಇದೆ.

ಜಕಾರ್ತಾದ ಹಾಗೆ ಪುಣೆ ಕುಸಿಯುವುದಿಲ್ಲ. ಜಕಾರ್ತಾ, ಮೆಕ್ಸಿಕೊ ಸಿಟಿ ನಿಂತಿರುವುದು ಮೆತ್ತನೆ ಜೇಡಿ, ಹೂಳಿನ ಮೇಲೆ. ನೀರು ತೆಗೆದರೆ ಜೇಡಿಯ ಪದರ ಅಮುಕಿ ತೆಳ್ಳಗಾಗುತ್ತದೆ, ಮತ್ತೆ ನೀರು ಬಿಟ್ಟರೂ ಮೊದಲಿನ ದಪ್ಪಕ್ಕೆ ಬರುವುದಿಲ್ಲ. ಬಸಾಲ್ಟ್ ಗಟ್ಟಿ ಎಲುಬು, ನೀರಿಲ್ಲದೆಯೂ ನಿಲ್ಲುತ್ತದೆ. ನಮ್ಮಲ್ಲಿ ಅಪಾಯ ಕಣ್ಣಿಗೆ ಕಾಣುವುದಿಲ್ಲ, ಬೋರು ಬತ್ತುತ್ತದೆ ಅಷ್ಟೆ. ಆದರೆ ಇಡೀ ಭೂಮಿಯ ಲೆಕ್ಕದಲ್ಲಿ ಈ ನೀರೆತ್ತುವಿಕೆ ಸಣ್ಣದಲ್ಲ. ಜಗತ್ತಿನಲ್ಲಿ ಎತ್ತುವ ಅಂತರ್ಜಲದಲ್ಲಿ ಸುಮಾರು ಕಾಲುಭಾಗ ಭಾರತದ್ದೇ. 1993ರಿಂದ 2010ರವರೆಗೆ ಜಗತ್ತು ಸುಮಾರು 2,150 ಗಿಗಾಟನ್ ಅಂತರ್ಜಲ ಕಳೆದುಕೊಂಡು ಭೂಮಿಯ ತಿರುಗುವ ಅಕ್ಷದ ಧ್ರುವವೇ 80 ಸೆಂಟಿಮೀಟರ್‌ನಷ್ಟು ಸರಿಯಿತು ಎಂದು 2023ರಲ್ಲಿ ಪ್ರಕಟವಾದ ಅಧ್ಯಯನ ಲೆಕ್ಕ ಹಾಕಿತು. ಆ ನೀರು ಕೊನೆಗೆ ಸಮುದ್ರ ಸೇರಿ ಅದರ ಮಟ್ಟವನ್ನು 6 ಮಿಲಿಮೀಟರ್ ಏರಿಸಿತು. 2002ರಲ್ಲಿ ಹಾರಿಸಿದ ಗ್ರೇಸ್ ಉಪಗ್ರಹಗಳು ಗುರುತ್ವದ ಸಣ್ಣ ವ್ಯತ್ಯಾಸದಿಂದ ವಾಯುವ್ಯ ಭಾರತದ ನೀರು ಕುಗ್ಗುವುದನ್ನು ತೋರಿಸಿದವು. ಆದರೆ ಅವುಗಳ ಕಣ್ಣಿಗೆ ನೂರಾರು ಕಿಲೋಮೀಟರ್ ಅಗಲದ ಪ್ರದೇಶ ಒಂದು ಚುಕ್ಕೆ. ಬಾಣೇರಿನ ಮಟ್ಟ ತಿಳಿಯಲು ಬಾಣೇರಿನವರೇ ಹಗ್ಗ ಇಳಿಸಬೇಕು.

ಇಂಗಾಲ ಹೂಳುವ ಪ್ರಯೋಗ ಐಸ್‌ಲ್ಯಾಂಡಿನದು, ಕಾರ್ಬ್‌ಫಿಕ್ಸ್ ಎಂದು ಹೆಸರು. ನೀರಿನಲ್ಲಿ ಕರಗಿಸಿದ ಇಂಗಾಲದ ಡೈಆಕ್ಸೈಡನ್ನು ಬಸಾಲ್ಟ್‌ಗೆ ಇಳಿಸಿದಾಗ 95 ಶೇಕಡಾಕ್ಕಿಂತ ಹೆಚ್ಚು ಎರಡು ವರ್ಷದೊಳಗೆ ಕ್ಯಾಲ್ಸೈಟಾಗಿ ಕಲ್ಲಾಯಿತು. ಡೆಕ್ಕನ್ ಬಸಾಲ್ಟ್ ಕೂಡ ಅದೇ ಜಾತಿ. ಆದರೆ ಆ ವಿಧಾನದಲ್ಲಿ ಒಂದು ಟನ್ ಅನಿಲಕ್ಕೆ ಸುಮಾರು 25 ಟನ್ ನೀರು ಬೇಕು, ಮತ್ತು ಅನಿಲ ಹೋಗಿ ತುಂಬುವುದು ಕಲ್ಲಿನ ಇದೇ ತೂತು, ಬಿರುಕುಗಳನ್ನೇ. ಜನ ಕುಡಿಯುವ ಪದರಗಳಿಂದ ಬಹಳ ಕೆಳಗೆ, ಕೆಂಪು ಮಣ್ಣಿನಂಥ ಮುಚ್ಚಳದಡಿ ಮಾತ್ರ ಅಂಥದ್ದನ್ನು ಯೋಚಿಸಬಹುದು. ಎಲ್ಲೆಂದರಲ್ಲಿ 700 ಅಡಿ ತೂತು ಹೊಡೆದಿಟ್ಟರೆ ಆ ಮುಚ್ಚಳವೂ ಉಳಿಯುವುದಿಲ್ಲ.

ಅಂದಹಾಗೆ ನಿಮ್ಮ ಬೀದರಿನ ನೌಬಾದ್ ಕರೇಜ್ (ನೆಲದಡಿಯ ಹಳೆಯ ನೀರಿನ ಸುರಂಗ) ನೋಡಿ. ಮೇಲಿನ ಜಂಬಿಟ್ಟಿಗೆ ನೀರು ಕುಡಿಯುತ್ತದೆ, ಕೆಳಗಿನ ಬಸಾಲ್ಟ್ ತಡೆಯುತ್ತದೆ. ಜಂಬಿಟ್ಟಿಗೆಯಲ್ಲಿ ಸುರಂಗ ತೋಡಿ, ಪಂಪೂ ಇಲ್ಲದೆ ಇಳಿಜಾರಿನಲ್ಲೇ ನೀರು ತಂದರು. ಪುಣೆಯಲ್ಲೂ 18ನೇ ಶತಮಾನದಲ್ಲಿ ನಾನಾಸಾಹೇಬ ಪೇಶವೆ ಕಾಲಕ್ಕೆ ಕಾತ್ರಜ್ ಕೆರೆಯಿಂದ ಶನಿವಾರವಾಡೆಗೆ ನೆಲದಡಿಯ ಕಾಲುವೆಯಲ್ಲಿ ನೀರು ಹಾಗೇ ಇಳಿದು ಬರುತ್ತಿತ್ತು. ಕಲ್ಲನ್ನು ಓದಿ ಕಟ್ಟಿದವರು ಅವರು.

ಬಾಣೇರ್ ಕಾರ್ಯದರ್ಶಿ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಕೊನೆಯದೊಂದು: 480ರ ಬೋರನ್ನು ಹಾಗೇ ಬಿಡಬೇಕೇ, ಮುಚ್ಚಬೇಕೇ?

ಕೊತ್ರೂಡ್ ಸಿವಿಲ್

ನೀರು ಬೀಳುವ ಸದ್ದು ಖಚಿತವಾದರೆ ಪಂಪ್ ಎತ್ತಿ, ತಳದಿಂದ ಶುರುಮಾಡಿ, ನೆಲಮಟ್ಟದಿಂದ 170 ಅಡಿ ಆಳದವರೆಗೆ ತುಂಬಿಸಿಬಿಡಿ. ಆಗ ಅದೂ 118–150ರ ಪದರದ ಬೋರಾಗುತ್ತದೆ. 310 ಅಡಿಗೆ ಎರಡು ಘನಮೀಟರ್ ತೊಳೆದ ಜಲ್ಲಿ ಸಾಕು, 6–10 ಮಿಲಿಮೀಟರಿನದು. ಬುಟ್ಟಿಗಟ್ಟಲೆ ಒಮ್ಮೆಲೇ ಸುರಿದರೆ ನಡುವೆಲ್ಲೋ ಸಿಕ್ಕಿಕೊಂಡು ಕೆಳಗೆ ಪೊಳ್ಳು ಉಳಿಯುತ್ತದೆ. ನಿಧಾನ ಹಾಕುತ್ತಾ, ಪ್ರತಿ 10 ಅಡಿಗೆ ಭಾರ ಕಟ್ಟಿದ ಹಗ್ಗ ಇಳಿಸಿ ಎಲ್ಲಿಗೆ ಬಂತು ನೋಡಿ. ಜಲ್ಲಿಯ ಮೇಲೆ 10 ಅಡಿ ಬೆಂಟೋನೈಟ್ ಜೇಡಿಯ ಉಂಡೆ, ಅವು ಉಬ್ಬಿ ದಾರಿ ಮುಚ್ಚುತ್ತವೆ. ಒಂದು ದಿನ ಬಿಟ್ಟು ಮತ್ತೆ ಹಗ್ಗ ಇಳಿಸಿ ನೋಡಿ, ಕುಸಿದಿದ್ದರೆ ಇನ್ನಷ್ಟು ಹಾಕಿ.

ಆಮೇಲೆ ಬೋರನ್ನು ಶುದ್ಧಿ ಮಾಡಿ: 100 ಅಡಿ ನೀರಿನ ಕಂಬಕ್ಕೆ 30 ಶೇಕಡಾ ಬ್ಲೀಚಿಂಗ್ ಪುಡಿ ಸುಮಾರು 110 ಗ್ರಾಂ. ಬಕೆಟ್‌ನಲ್ಲಿ ಕಲಸಿ, ತಿಳಿ ಮಾತ್ರ ಬಿಡಿ, ರಾತ್ರಿಯಿಡೀ ಹಾಗೇ ಇರಲಿ. ಮರುದಿನ ವಾಸನೆ ಹೋಗುವವರೆಗೆ ನೀರು ಹೊರಹಾಕಿ. ಇಷ್ಟೂ ಕೆಲಸಕ್ಕೆ ಸರಿಯಾದ ಕಾಲ ಏಪ್ರಿಲ್ ಕೊನೆ, ನೀರು ತೀರ ಕೆಳಗಿರುವಾಗ. ಮೇ ಹದಿನೈದರೊಳಗೆ ಗುಂಡಿ ಮುಗಿಸಿ ಟೆರೇಸ್ ಗುಡಿಸಿಡಿ. ಪ್ರತಿ ವರ್ಷ ಜೂನ್‌ಗೆ ಮುಂಚೆ ಗುಂಡಿಯ ಮೇಲಿನ 5 ಸೆಂಟಿಮೀಟರ್ ಮರಳು ಕೆರೆದು ಹೊಸದು ಹಾಕಿ. ನೀರಿನ ಮಟ್ಟವನ್ನು ತಿಂಗಳಿಗೊಮ್ಮೆ, ಪಂಪ್ ಓಡಿಸುವ ಮೊದಲು ಬೆಳಗ್ಗೆ ಬರೆದಿಡಿ. ಮುಂದಿನ ಮಾರ್ಚ್ ಅಂಕಿ ಇಲ್ಲಿ ಹಾಕಿದರೆ ಗುಂಡಿ ಎರಡನೆಯದು ಬೇಕೋ ಬೇಡವೋ ಹೇಳಬಹುದು.